ಅಂಗಡಿಯ ಆಪದ್ಧನ ಮತ್ತು ಅಪರಿಗ್ರಹ

ಬೆಲೆ ಏರುತ್ತಿರುವ ಕಾಲದಲ್ಲಿ ಕಿರಾಣಿ ಅಂಗಡಿಯ ಯಜಮಾನನೊಬ್ಬ ಎಷ್ಟು ನಗದನ್ನು ಮೀಸಲಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಸಾಮಾನ್ಯವಾಗಿ ಲೆಕ್ಕಪತ್ರದ ಪ್ರಶ್ನೆಯೆಂದೇ ತಿಳಿಯಲಾಗುತ್ತದೆ. ಆದರೆ ಈ ಒಂದು ವಿಷಯದಲ್ಲಿ ಲೆಕ್ಕಿಗನ ಸಲಹೆಯೂ ಸಂನ್ಯಾಸಿಯ ಉಪದೇಶವೂ ಒಂದೆಡೆ ಕೂಡುವುದನ್ನು ಗಮನಿಸಿದರೆ ಪ್ರಶ್ನೆ ಅಷ್ಟು ಸರಳವಲ್ಲವೆಂಬುದು ತಿಳಿಯುತ್ತದೆ. ಹಣದುಬ್ಬರದಲ್ಲಿ, ಎಂದರೆ ಬೆಲೆಗಳು ಒಟ್ಟಾರೆಯಾಗಿ ಏರಿ ಹಣದ ಕೊಳ್ಳುವ ಶಕ್ತಿ ಕುಗ್ಗುತ್ತ ಹೋಗುವ ಸ್ಥಿತಿಯಲ್ಲಿ, ಸುಮ್ಮನೆ ಬಿದ್ದಿರುವ ನಗದು ದಿನೇ ದಿನೇ ನಷ್ಟ ತರುವುದರಿಂದ ಅದನ್ನು ಬೇಗ ಸರಕಾಗಿ ಮಾರ್ಪಡಿಸಬೇಕೆಂದು ಲೆಕ್ಕಿಗ ಹೇಳುತ್ತಾನೆ. ಕೂಡಿಟ್ಟ ಹಣ ಮನಸ್ಸನ್ನು ಕಟ್ಟಿಹಾಕುವುದರಿಂದ ಅದನ್ನು ತೊರೆಯಬೇಕೆಂದು ಸಂನ್ಯಾಸಿ ಹೇಳುತ್ತಾನೆ. ಕಾರಣ ಬೇರೆ ಬೇರೆ, ತೀರ್ಮಾನ ಮಾತ್ರ ಒಂದೇ: ಗಲ್ಲಾ ಪೆಟ್ಟಿಗೆ ಖಾಲಿ ಇರಲಿ. ಈ ಇಬ್ಬರಿಗೂ ಒಪ್ಪದೆ, ಮೌಲ್ಯ ಕುಂದುತ್ತದೆಂದು ಗೊತ್ತಿದ್ದೂ ಒಂದು ಮಿತಿಯ ನಗದನ್ನು ಉಳಿಸಿಕೊಳ್ಳುವುದು ವ್ಯಾಪಾರಿಯ ಕರ್ತವ್ಯವಾಗಬಹುದೇ, ಆಗುವುದಾದರೆ ಆ ಮಿತಿಯನ್ನು ಯಾವ ಅಳತೆಯಿಂದ ಗೊತ್ತುಮಾಡಬೇಕು ಎಂಬುದೇ ಇಲ್ಲಿ ವಿಚಾರಕ್ಕೆ ಬರುವ ವಿಷಯ.

ಹಣದುಬ್ಬರ ಅಂಗಡಿಯೊಳಗೆ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು. 2,000 ರೂಪಾಯಿಗೆ ಕೊಂಡ ಅಡುಗೆ ಎಣ್ಣೆಯ ಡಬ್ಬಿಯನ್ನು 2,120ಕ್ಕೆ ಮಾರಿದ ವ್ಯಾಪಾರಿಯ ಪುಸ್ತಕದಲ್ಲಿ 120 ರೂಪಾಯಿ ಲಾಭವೆಂದು ಬರೆಯಲಾಗುತ್ತದೆ. ಆದರೆ ಅಷ್ಟರಲ್ಲಿ ಹೊಸ ಡಬ್ಬಿಯ ಖರೀದಿ ಬೆಲೆ 2,180ಕ್ಕೆ ಏರಿದ್ದರೆ, ಮಾರಿದ ಜಾಗವನ್ನು ಮತ್ತೆ ತುಂಬಲು ಆತ ಕೈಯಿಂದ 60 ರೂಪಾಯಿ ಸೇರಿಸಬೇಕಾಗುತ್ತದೆ. ಪುಸ್ತಕದಲ್ಲಿ ಕಾಣುವ ಲಾಭ ಕಪಾಟಿನಲ್ಲಿ ಕೊರತೆಯಾಗಿ ಕುಳಿತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಭಾರತದ ಚಿಲ್ಲರೆ ಹಣದುಬ್ಬರ ಶೇಕಡಾ 7.79ಕ್ಕೆ, ಎಂದರೆ ಎಂಟು ವರ್ಷಗಳಲ್ಲೇ ಹೆಚ್ಚಿನ ಮಟ್ಟಕ್ಕೆ ಏರಿದಾಗ, ಅದೇ ತಿಂಗಳ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ತಡೆದಾಗ, ಸಣ್ಣ ಅಂಗಡಿಗಳು ಎದುರಿಸಿದ್ದು ಇದೇ ಬಗೆಯ ಇಕ್ಕಟ್ಟು. ರಿಸರ್ವ್ ಬ್ಯಾಂಕಿಗೆ ಕಾನೂನಿನಡಿ ಗೊತ್ತುಮಾಡಿರುವ ಗುರಿ ಶೇಕಡಾ 4, ಸಹಿಸಬಹುದಾದ ಮೇಲಿನ ಅಂಚು ಶೇಕಡಾ 6. ವ್ಯಾಪಾರಿಗಳು ಬಳಸುವ ಚಾಲ್ತಿ ಖಾತೆಗೆ ಬ್ಯಾಂಕು ಬಡ್ಡಿ ಕೊಡುವುದಿಲ್ಲವಾದ್ದರಿಂದ, ನಗದು ಪೆಟ್ಟಿಗೆಯಲ್ಲಿದ್ದರೂ ಆ ಖಾತೆಯಲ್ಲಿದ್ದರೂ ಆಗುವ ನಷ್ಟ ಒಂದೇ.

ಸಂಗ್ರಹದ ಪ್ರಶ್ನೆಯನ್ನು ವ್ಯಾಪಾರಿಯ ಬದುಕಿಗೆ ಹತ್ತಿರವಾಗಿ ನಿಂತು ಬಿಡಿಸಿದ ಪರಂಪರೆಗಳಲ್ಲಿ ಜೈನಧರ್ಮಕ್ಕೆ ವಿಶೇಷ ಸ್ಥಾನವಿದೆ. ಅದರ ಗೃಹಸ್ಥ ಅನುಯಾಯಿಗಳಲ್ಲಿ ಬಹುಮಂದಿ ವ್ಯಾಪಾರಿಗಳೇ ಆಗಿದ್ದುದು ಇದಕ್ಕೊಂದು ಕಾರಣವಿರಬೇಕು. ಮುನಿಗಳು ಪಾಲಿಸುವ ಅಪರಿಗ್ರಹ ಮಹಾವ್ರತವು ಸಕಲ ವಸ್ತುಗಳ ತ್ಯಾಗವನ್ನು ಬಯಸಿದರೆ, ಶ್ರಾವಕನೆಂದು ಕರೆಯಲ್ಪಡುವ ಗೃಹಸ್ಥನಿಗೆ ಹೇಳಿದ ಅಣುವ್ರತವು ಪರಿಮಿತ ಪರಿಗ್ರಹವನ್ನು, ಎಂದರೆ ತನ್ನ ಆಸ್ತಿಗೆ ತಾನೇ ಮುಂಚಿತವಾಗಿ ಒಂದು ಮಿತಿ ಹಾಕಿಕೊಂಡು ಅದನ್ನು ಮೀರದಿರುವುದನ್ನು ಮಾತ್ರ ಕೇಳುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಮಿತಿ ಬೀಳಬೇಕಾದದ್ದು ಸೊತ್ತಿನ ಮೇಲಷ್ಟೇ ಅಲ್ಲ, ಬಯಕೆಯ ಮೇಲೂ ಎಂಬುದು ಆ ಹೆಸರಿನಲ್ಲೇ ಇದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ, ಎಂದರೆ ತನ್ನದೆಂಬ ಮೋಹ, ಎಂದು ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಹಾಗಾದರೆ ಹೊರಗಿನ ಸೊತ್ತು ಪರಿಗ್ರಹವೇ ಅಲ್ಲವೆಂದಾಗುವುದಿಲ್ಲವೇ ಎಂಬ ಆಕ್ಷೇಪವನ್ನು ತಾವೇ ಎತ್ತಿಕೊಳ್ಳುವ ಪೂಜ್ಯಪಾದರು ಆ ಸೂತ್ರಗ್ರಂಥದ ಮೇಲಿನ ತಮ್ಮ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ, ಒಳಗಿನ ಮೋಹವೇ ಪ್ರಧಾನವಾದರೂ ಹೊರಗಿನ ಸೊತ್ತು ಆ ಮೋಹಕ್ಕೆ ಕಾರಣವಾಗುವುದರಿಂದ ಅದೂ ಪರಿಗ್ರಹವೇ ಎಂದು ಉತ್ತರಿಸುತ್ತಾರೆ. ಮನಸ್ಸು ಶುದ್ಧವಾಗಿದೆಯೆಂದು ಹೇಳಿಕೊಂಡು ಉಗ್ರಾಣ ತುಂಬಿಸುವವನಿಗೆ ಈ ಉತ್ತರ ಆಗಲೇ ಬಾಗಿಲು ಮುಚ್ಚಿದೆ.

ಈ ವ್ರತಕ್ಕೆ ಸಮಂತಭದ್ರರು ಹೇಳುವ ಐದು ಅತಿಚಾರಗಳು, ಎಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಳಂಕ ತರುವ ನಡೆಗಳು, ಅಂಗಡಿಯನ್ನು ಒಳಗಿನಿಂದ ಬಲ್ಲವರು ಪಟ್ಟಿಮಾಡಿದಂತಿವೆ. ಮೊದಲನೆಯ ಅತಿವಾಹನವೂ ಕೊನೆಯ ಅತಿಭಾರವಾಹನವೂ ಲಾಭದ ಆಸೆಯಿಂದ ದುಡಿಯುವ ಜೀವಿಗಳನ್ನು ಶಕ್ತಿ ಮೀರಿ ನಡೆಸುವುದಕ್ಕೆ, ಅವುಗಳ ಮೇಲೆ ಹೊರೆ ಹೇರುವುದಕ್ಕೆ ಸಂಬಂಧಿಸಿದವು. ಅತಿಸಂಗ್ರಹವನ್ನು ಟೀಕಾಕಾರ ಪ್ರಭಾಚಂದ್ರ ವಿವರಿಸುವ ರೀತಿ ಗಮನಾರ್ಹವಾದುದು: ಮುಂದೆ ಹೆಚ್ಚು ಲಾಭ ಬರುತ್ತದೆಂಬ ಲೋಭದಿಂದ ಧಾನ್ಯ ಮುಂತಾದುವನ್ನು ಕೂಡಿಡುವುದೇ ಅತಿಸಂಗ್ರಹ. ಇಲ್ಲಿ ದೋಷವಿರುವುದು ರಾಶಿಯ ಗಾತ್ರದಲ್ಲಿ ಮಾತ್ರವಲ್ಲ, ನಾಳೆಯ ಬೆಲೆಯ ಮೇಲೆ ನೆಟ್ಟ ಕಣ್ಣಿನಲ್ಲಿ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ವಿಸ್ಮಯವೆಂಬ ಅತಿಚಾರ. ತಕ್ಕ ಲಾಭಕ್ಕೆ ಸರಕು ಮಾರಿಬಿಟ್ಟ ಮೇಲೆ, ಅದೇ ಸರಕಿಗೆ ಇನ್ನೂ ಹೆಚ್ಚು ಬರುತ್ತಿತ್ತೆಂದು ಕಂಡು ಲೋಭದಿಂದ ವಿಷಾದಪಡುವುದು ಅದರ ಅರ್ಥ. ಬೆಲೆ ಏರುವ ವರ್ಷದಲ್ಲಿ ಪ್ರತಿ ವ್ಯಾಪಾರಿಯೂ ಪ್ರತಿ ವಾರ ಅನುಭವಿಸುವ ಸಂಕಟವಿದು; ಯಾವ ಲೆಕ್ಕಪತ್ರ ಶಾಸ್ತ್ರವೂ ಇದನ್ನು ದೋಷವೆಂದು ಗುರುತಿಸಿಲ್ಲ, ಬದಲಿಗೆ ಅವಕಾಶ ನಷ್ಟವೆಂಬ ಗೌರವದ ಹೆಸರು ಕೊಟ್ಟಿದೆ.

ಇಷ್ಟಾದರೂ ಹಣದುಬ್ಬರವು ಈ ವ್ರತಕ್ಕೆ ಒಂದು ನಿಜವಾದ ತೊಡಕನ್ನು ತಂದೊಡ್ಡುತ್ತದೆ. ಮೂರು ಲಕ್ಷ ರೂಪಾಯಿಗಿಂತ ಹೆಚ್ಚು ನಗದನ್ನು ಇಟ್ಟುಕೊಳ್ಳುವುದಿಲ್ಲವೆಂದು ಒಬ್ಬ ಶ್ರಾವಕ ಪರಿಮಾಣ ಹಾಕಿಕೊಂಡಿದ್ದಾನೆಂದು ಭಾವಿಸಿದರೆ, ಶೇಕಡಾ 6ರ ಹಣದುಬ್ಬರದಲ್ಲಿ ಸುಮಾರು ಹನ್ನೆರಡು ವರ್ಷಗಳಲ್ಲಿ ಆ ಮೊತ್ತದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಆಗ ಮಿತಿಯನ್ನು ಆರು ಲಕ್ಷಕ್ಕೆ ಏರಿಸುವುದು ವ್ರತಭಂಗವೇ, ಅಥವಾ ಏರಿಸದಿರುವುದು ತಾನು ಒಪ್ಪಿಕೊಂಡದ್ದಕ್ಕಿಂತ ಕಠಿಣವಾದ ವ್ರತಕ್ಕೆ ತಿಳಿಯದೆ ಒಳಗಾಗುವುದೇ? ಉತ್ತರದ ಸುಳಿವು ಹಳೆಯ ಪಟ್ಟಿಯಲ್ಲೇ ಇದೆ. ತತ್ತ್ವಾರ್ಥಸೂತ್ರವು ಮೀರಬಾರದ ಪರಿಮಾಣಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ಸೇವಕರು, ಬಟ್ಟೆಬರೆ ಪಾತ್ರೆಗಳೆಂದು ವಸ್ತುಗಳ ಜಾತಿಯನ್ನೇ ಹೆಸರಿಸುತ್ತದೆಯೇ ಹೊರತು ಅವುಗಳ ನಾಣ್ಯದ ಬೆಲೆಯನ್ನಲ್ಲ. ವಸ್ತುವಿನಲ್ಲಿ ಹಾಕಿದ ಮಿತಿಗೆ ಬೆಲೆಯ ಏರಿಳಿತ ತಾಗುವುದಿಲ್ಲ.

ಕಾಲ ಕಳೆದರೂ ಕುಗ್ಗದ ಅಳತೆಯನ್ನು ಹುಡುಕುವ ಈ ಎಚ್ಚರ ಬೇರೆಡೆಗಳಲ್ಲೂ ಕಾಣುತ್ತದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ದೇವಾಲಯದ ಒಂದು ನಂದಾದೀಪಕ್ಕೆ 96 ಕುರಿಗಳನ್ನು ದತ್ತಿಯಾಗಿ ಬಿಟ್ಟು, ಅವು ಸಾಯದ ಮುಪ್ಪಾಗದ ಕುರಿಗಳೆಂದು ಕರೆದಿರುವುದುಂಟು. ಸತ್ತವುಗಳ ಜಾಗದಲ್ಲಿ ಮರಿಗಳು ಬಂದು ಎಣಿಕೆ ಎಂದಿಗೂ ಕುಂದದಂತೆ ನೋಡಿಕೊಳ್ಳುವುದು ಕುರುಬರ ಹೊಣೆಯಾಗಿತ್ತು. ಇಸ್ಲಾಮಿನಲ್ಲಿ ಜಕಾತ್ ಎಂಬ ಕಡ್ಡಾಯ ದಾನವು, ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದ ಹಣ ಮತ್ತು ವ್ಯಾಪಾರದ ಸರಕಿನ ಮೇಲೆ ಶೇಕಡಾ 2.5ರಂತೆ ಸಲ್ಲಬೇಕಾದದ್ದು, ಅದು ಅನ್ವಯಿಸುವ ಕನಿಷ್ಠ ಮಿತಿಯಾದ ನಿಸಾಬ್ ಬಂಗಾರ ಅಥವಾ ಬೆಳ್ಳಿಯ ತೂಕದಲ್ಲಿ ಗೊತ್ತಾಗಿದೆ. ಕಾಗದದ ಹಣದ ಬೆಲೆ ಎಷ್ಟೇ ಕುಸಿದರೂ ಆ ಮಿತಿ ಅದರೊಡನೆ ಕುಸಿಯುವುದಿಲ್ಲ.

ಅಂಗಡಿಯ ನಗದು ಮೀಸಲಿಗೆ ಬಂಗಾರದ ತೂಕ ಸರಿಯಾದ ಅಳತೆಯಾಗಲಾರದು. ಅದಕ್ಕೆ ಹೆಚ್ಚು ಒಪ್ಪುವುದು ಕಾಲದ ಅಳತೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಬ್ರಾಹ್ಮಣ ಗೃಹಸ್ಥನನ್ನು ಆತನ ಸಂಗ್ರಹದ ಪ್ರಕಾರ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಕಣಜ ತುಂಬ ಧಾನ್ಯವುಳ್ಳವನು, ಗಡಿಗೆ ತುಂಬ ಉಳ್ಳವನು, ಮೂರು ದಿನಕ್ಕಾಗುವಷ್ಟು ಉಳ್ಳವನು, ನಾಳೆಗೆ ಏನೂ ಇಲ್ಲದವನು. ಈ ನಾಲ್ವರಲ್ಲಿ ಒಬ್ಬನಿಗಿಂತ ಅವನ ಮುಂದಿನವನು ಶ್ರೇಷ್ಠನೆಂಬುದು ಅಲ್ಲಿನ ನಿರ್ಣಯ. ಕಣಜ, ಗಡಿಗೆಗಳು ಎಷ್ಟು ದಿನದ ಆಹಾರವೆಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲದಿದ್ದರೂ, ಸಂಗ್ರಹವನ್ನು ಅದು ಎಷ್ಟು ದಿನದ ಹೊಣೆ ಹೊರಬಲ್ಲುದೆಂಬುದರಿಂದ ಅಳೆಯಬೇಕೆಂಬ ದೃಷ್ಟಿ ಸ್ಪಷ್ಟವಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ ಪರಂಪರೆ ಈ ಏಣಿಯ ಕೊನೆಯ ಮೆಟ್ಟಿಲನ್ನೇ ಎಲ್ಲರಿಗೂ ತೆರೆದಿಟ್ಟಿತು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಹಾಕಿ ಬರುವಂತೆ ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದ ಕಥೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಕಮ್ಮನ ನಿಲುವು ಉನ್ನತವಾದುದೆಂಬುದರಲ್ಲಿ ಅನುಮಾನವಿಲ್ಲ. ಅದನ್ನು ಅಂಗಡಿಗೆ ಹಾಗೆಯೇ ತಂದು ಅನ್ವಯಿಸುವುದು ಮಾತ್ರ ತಪ್ಪು. ಅಕ್ಕಿ ಆಯುವವನಿಗೆ ಸಾಲ ಕೊಟ್ಟವರಿಲ್ಲ, ಅವನನ್ನು ನಂಬಿ ಸರಕು ಇಳಿಸಿ ಹೋದವರಿಲ್ಲ, ತಿಂಗಳ ಮೊದಲ ವಾರದಲ್ಲಿ ಸಂಬಳಕ್ಕೆ ಕಾದು ನಿಂತ ಹುಡುಗರಿಲ್ಲ. ಅಂಗಡಿಯವನ ಪೆಟ್ಟಿಗೆಯಲ್ಲಿ ಒಂದು ಸಂಜೆ ಇರುವ ಹಣದಲ್ಲಿ ಮಂಡಿ ವರ್ತಕನಿಗೆ ಕೊಡಬೇಕಾದ ಬಾಕಿ, ಕೆಲಸಗಾರರ ಕೂಲಿ, ಮಳಿಗೆಯ ಬಾಡಿಗೆ, ಗಿರಾಕಿಗಳಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿ ಇವೆಲ್ಲವೂ ಬೆರೆತಿರುತ್ತವೆ. ಇವನ್ನು ಕಳೆದು ಉಳಿಯುವುದಷ್ಟೇ ಆತನದು. ಆದ್ದರಿಂದ ಆ ಪೆಟ್ಟಿಗೆಯನ್ನು ಬರಿದು ಮಾಡುವವನು ತನ್ನದನ್ನು ತ್ಯಾಗ ಮಾಡುವುದಿಲ್ಲ, ಇತರರದ್ದನ್ನು ಅಪಾಯಕ್ಕೆ ಒಡ್ಡುತ್ತಾನೆ. ಬಸವಣ್ಣನೇ ಅರಸ ಬಿಜ್ಜಳನ ಭಂಡಾರಿಯಾಗಿದ್ದವನು ಎಂಬುದನ್ನು ಇಲ್ಲಿ ನೆನೆಯಬಹುದು. ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚಮಾಡಿದನೆಂಬ ದೂರು ಬಂದಾಗ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತೆಂದು ಪರಂಪರೆ ಹೇಳುತ್ತದೆ. ಪವಾಡದ ಮಾತು ಹಾಗಿರಲಿ, ದಾಸೋಹದ ಮಹಾಪುರುಷನ ಬಗ್ಗೆಯೂ ಭಂಡಾರದ ಲೆಕ್ಕ ತಪ್ಪಿರಲಿಲ್ಲವೆಂದು ಸಾರುವ ಅಗತ್ಯ ಪುರಾಣಕಾರರಿಗೆ ಕಂಡಿತೆಂಬುದೇ ಮುಖ್ಯ.

ಅರಿಸ್ಟಾಟಲ್‌ನ ಎರಡು ಮಾತುಗಳು ಈ ಭೇದವನ್ನು ಬೇರೊಂದು ಕಡೆಯಿಂದ ಸ್ಪಷ್ಟಗೊಳಿಸುತ್ತವೆ. ರಾಜ್ಯನೀತಿಯನ್ನು ಕುರಿತ ಗ್ರಂಥದ ಮೊದಲ ಭಾಗದಲ್ಲಿ ಆತ ಮನೆವಾರ್ತೆಗೆ ಬೇಕಾದ ಗಳಿಕೆಯನ್ನೂ ಹಣಕ್ಕಾಗಿಯೇ ಹಣ ಗಳಿಸುವುದನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ತನ್ನೊಳಗೆ ಯಾವ ಮಿತಿಯೂ ಇಲ್ಲವೆಂದು ಟೀಕಿಸುತ್ತಾನೆ. ಅಂಗಡಿ ವ್ಯಾಪಾರವನ್ನು ಆತ ಈ ಎರಡನೆಯ ಗುಂಪಿಗೇ ಸೇರಿಸಿದ್ದು ಅನ್ಯಾಯವೆನ್ನಬೇಕು. ಆದರೆ ನೀತಿಶಾಸ್ತ್ರವನ್ನು ಕುರಿತ ಗ್ರಂಥದ ಐದನೆಯ ಭಾಗದಲ್ಲಿ ಹಣವನ್ನು ಆತ ಮುಂದಿನ ವಿನಿಮಯದ ಜಾಮೀನೆಂದು ಬಗೆಯುತ್ತಾನೆ: ಈಗ ಏನೂ ಬೇಡವಾದವನಿಗೆ, ಬೇಕಾದಾಗ ಸಿಗುತ್ತದೆಂಬ ಭರವಸೆ ಅದು. ಆ ಜಾಮೀನಿನ ಮೌಲ್ಯವೂ ಯಾವಾಗಲೂ ಒಂದೇ ಸಮನೆ ಇರುವುದಿಲ್ಲ, ಇತರ ವಸ್ತುಗಳಿಗಿಂತ ಸ್ಥಿರವಾಗಿರುತ್ತದೆ ಅಷ್ಟೇ ಎಂಬುದನ್ನೂ ಆತ ಒಪ್ಪುತ್ತಾನೆ. ನಗದು ಮೀಸಲಿನ ನೈತಿಕ ಸ್ವರೂಪ ಇದೇ. ಅದು ಕೂಡಿಟ್ಟ ಸಂಪತ್ತಲ್ಲ, ಕೊಟ್ಟ ಮಾತಿಗೆ ಇಟ್ಟ ಜಾಮೀನು. ಜಾಮೀನು ಕಾಲಕ್ರಮದಲ್ಲಿ ಸವೆಯುವುದು ಆ ಮಾತನ್ನು ಉಳಿಸಿಕೊಳ್ಳಲು ತೆರಬೇಕಾದ ವೆಚ್ಚ. ಆ ವೆಚ್ಚ ದೊಡ್ಡದೂ ಅಲ್ಲ. ಮೂರು ಲಕ್ಷ ರೂಪಾಯಿಯ ಮೀಸಲು ಶೇಕಡಾ 6ರ ಹಣದುಬ್ಬರದಲ್ಲಿ ವರ್ಷಕ್ಕೆ ಕಳೆದುಕೊಳ್ಳುವ ಶಕ್ತಿ ಸುಮಾರು 17,000 ರೂಪಾಯಿ, ಎಂದರೆ ದಿನಕ್ಕೆ ಐವತ್ತು ರೂಪಾಯಿಗೂ ಕಡಿಮೆ.

ಈ ವೆಚ್ಚವನ್ನು ತಾನು ಹೊರದೆ ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವ ದಾರಿಗಳೇ ಎಂಬುದನ್ನು ಹಣಕಾಸಿನ ಸಲಹೆಗಾರರು ಹೇಳುವುದು ಕಡಿಮೆ. ನಗದನ್ನೆಲ್ಲ ಸರಕಿಗೆ ಸುರಿದು ಬೆಲೆ ಏರುವವರೆಗೆ ಹಿಡಿದಿಟ್ಟುಕೊಂಡರೆ ನಷ್ಟ ಗಿರಾಕಿಯದಾಗುತ್ತದೆ. 2023ರ ಜೂನ್‌ನಲ್ಲಿ ತೊಗರಿ ಮತ್ತು ಉದ್ದಿನ ಬೆಲೆ ಏರಿದಾಗ ಕೇಂದ್ರ ಸರ್ಕಾರ ಅಗತ್ಯ ವಸ್ತುಗಳ ಕಾಯಿದೆಯ ಅಧಿಕಾರದಿಂದ ಚಿಲ್ಲರೆ ಅಂಗಡಿಯೊಂದಕ್ಕೆ ಪ್ರತಿ ಬೇಳೆಯಲ್ಲೂ 5 ಟನ್ ದಾಸ್ತಾನಿನ ಮಿತಿ ಹಾಕಿತು. ತೊಗರಿಯ ನಾಡಾದ ಕಲಬುರಗಿಯಲ್ಲಿಯೂ ಸಣ್ಣ ಕಿರಾಣಿ ಅಂಗಡಿಯೊಂದು ಈ ಮಿತಿಯ ಹತ್ತಿರ ಹೋಗುವುದು ಅಪರೂಪ. ಕಾನೂನಿನ ಮಿತಿಯೊಳಗಿದ್ದೂ ಸಮಂತಭದ್ರರ ಮಿತಿಯನ್ನು ದಾಟಬಹುದು ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯ ದಾರಿ ಸರಕು ಕೊಟ್ಟವನ ಬಾಕಿಯನ್ನು ಎಳೆಯುವುದು. ಏರುವ ಬೆಲೆಯ ಕಾಲದಲ್ಲಿ ತಡವಾಗಿ ಕೊಟ್ಟ ಸಾವಿರ ರೂಪಾಯಿ ಸಾವಿರವಾಗಿ ಉಳಿದಿರುವುದಿಲ್ಲವಾದ್ದರಿಂದ ವಿಳಂಬವೇ ಒಂದು ಗಳಿಕೆಯಾಗುತ್ತದೆ. ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದು 2006ರ ಕಾನೂನು ಹೇಳಿದ್ದರೂ, ಉಪ್ಪಿನಕಾಯಿ, ಹಪ್ಪಳ, ಅಗರಬತ್ತಿ ತಂದುಕೊಡುವ ಮನೆ ಉದ್ಯಮದವರು ಕಾನೂನಿನ ಮೊರೆ ಹೋಗಿ ಅಂಗಡಿಯೊಡನೆ ಸಂಬಂಧ ಕೆಡಿಸಿಕೊಳ್ಳಲಾರರು. ಮೂರನೆಯದು, ಬೆಲೆಗಳು ಏರಿದರೂ ಕೂಲಿಯನ್ನು ಏರಿಸದೆ ಕಾಲ ತಳ್ಳುವುದು. ಇದು ಎಷ್ಟು ಸಾಮಾನ್ಯವೆಂದರೆ ಇದನ್ನು ಯಾರೂ ಲಾಭದ ಮೂಲವೆಂದು ಕರೆಯುವುದೇ ಇಲ್ಲ. ಅತಿವಾಹನವೆಂಬ ಅತಿಚಾರವನ್ನು ಎತ್ತುಗಳಿಗಷ್ಟೇ ಸೀಮಿತಗೊಳಿಸಿ ಓದಬೇಕಾಗಿಲ್ಲ.

ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಂಗಡಿಯವನು ಸಾಲಗಾರನಷ್ಟೇ ಅಲ್ಲ, ಉದ್ರಿ ಪುಸ್ತಕದ ಮೂಲಕ ಊರಿಗೇ ಸಾಲ ಕೊಟ್ಟವನೂ ಹೌದು; ಬೆಲೆ ಏರಿದಾಗ ಆ ಉದ್ರಿಯನ್ನು ಹಳೆಯ ಅಂಕಿಯಲ್ಲಿ ವಸೂಲು ಮಾಡಬೇಕೇ, ಹೊಸ ಮೌಲ್ಯದಲ್ಲೇ? ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ತಾಮ್ರದ ನಾಣ್ಯದ ಬೆಲೆ ಕುಸಿದಾಗ ಅಷ್ಟೇ ಸಂಖ್ಯೆಯ ನಾಣ್ಯಗಳನ್ನು ಮರಳಿಸಿದರೆ ಸಾಕೆಂಬ ಅಬೂ ಹನೀಫರ ಮತಕ್ಕೆ ಎದುರಾಗಿ, ಮೂಲ ಮೌಲ್ಯವನ್ನು ಸಲ್ಲಿಸಬೇಕೆಂದು ಅವರ ಶಿಷ್ಯ ಅಬೂ ಯೂಸುಫರು ಅಭಿಪ್ರಾಯಪಟ್ಟರೆಂದು ಆ ಪಂಥದ ಗ್ರಂಥಗಳು ದಾಖಲಿಸುತ್ತವೆ. 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಸಂಖ್ಯೆಯ ಪಕ್ಷವನ್ನೇ ಎತ್ತಿಹಿಡಿದು, ಸಾಲವನ್ನು ಬೆಲೆಯ ಮಟ್ಟಕ್ಕೆ ಜೋಡಿಸುವುದನ್ನು ಒಪ್ಪಲಿಲ್ಲ. ಹಾಗೆ ಜೋಡಿಸಿದರೆ ಬಡ್ಡಿ ಹಿಂಬಾಗಿಲಿನಿಂದ ಬರುತ್ತದೆಂಬ ಆತಂಕ ಆ ಪಕ್ಷದ ಹಿಂದಿದೆ. ಜರ್ಮನಿಯಲ್ಲಿ ಮಾತ್ರ ವಿಷಯ ಬೇರೆಡೆಗೆ ತಿರುಗಿತು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿ, ಒಂದು ಲಕ್ಷ ಕೋಟಿ ಕಾಗದದ ಮಾರ್ಕಿಗೆ ಒಂದು ಹೊಸ ರೆಂಟನ್‌ಮಾರ್ಕ್ ಎಂದು ಗೊತ್ತಾದ ಮೇಲೆ, ಮಾರ್ಕಿಗೆ ಮಾರ್ಕ್ ಸಮವೆಂಬ ನಿಯಮವನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯವೇ ಆ ತಿಂಗಳ 28ರಂದು ಸದ್ಭಾವನೆಯ ತತ್ತ್ವದ ಆಧಾರದಿಂದ ಕೈಬಿಟ್ಟಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ, ಮಾರಿದ ಸರಕನ್ನು ಮತ್ತೆ ಕೊಳ್ಳಲು ಬೇಕಾಗುವ ಬೆಲೆಯನ್ನು ಕೇಳಿದ ಅಂಗಡಿಯವರು ಲಾಭಕೋರರೆಂಬ ಆರೋಪವನ್ನು ಎದುರಿಸಬೇಕಾಗಿ ಬಂದಿತ್ತು.

ಹಣ ಅಷ್ಟು ವೇಗವಾಗಿ ಸಾಯುವಲ್ಲಿ ನಗದು ಮೀಸಲಿನ ಕರ್ತವ್ಯವೂ ಅದರೊಡನೆ ಸಾಯುತ್ತದೆ, ಏಕೆಂದರೆ ಸಂಜೆಗೆ ಬೆಲೆಯಿಲ್ಲದಾಗುವ ಕಾಗದ ಯಾರ ಮಾತಿಗೂ ಜಾಮೀನಾಗಲಾರದು. ಅಲ್ಲಿ ಸರಕನ್ನೇ ಹಿಡಿದುಕೊಂಡವನನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಶೇಕಡಾ 6ರ, 7ರ ಹಣದುಬ್ಬರಕ್ಕೆ ಜರ್ಮನಿಯ ವಾದವನ್ನು ಎರವಲು ತರುವುದು ಸಲ್ಲದು. ಇಂಥ ಕಾಲದಲ್ಲಿ ಮನೆಬಳಕೆಯ ಉದ್ರಿಯನ್ನು ಬರೆದ ಅಂಕಿಯಲ್ಲೇ ಪಡೆಯುವುದು, ಆ ಸಣ್ಣ ನಷ್ಟವನ್ನು ಅಂಗಡಿಯೇ ಹೊರುವುದು ಯೋಗ್ಯ. ಹೊಸ ಸರಕಿನ ಬೆಲೆಯನ್ನು ನೋಡಿ ಮಾರಾಟದ ಬೆಲೆ ಕಟ್ಟುವುದರಲ್ಲಿ, ಅದು ಕಪಾಟನ್ನು ಮತ್ತೆ ತುಂಬುವಷ್ಟಕ್ಕೆ ನಿಂತರೆ, ದೋಷವಿಲ್ಲ. ಮೀಸಲಿನ ಪರಿಮಾಣವನ್ನು ರೂಪಾಯಿಯಲ್ಲಿ ಅಲ್ಲದೆ ದಿನಗಳಲ್ಲಿ, ಕೂಲಿ, ಬಾಡಿಗೆ, ತೆರಿಗೆ ಮತ್ತು ಬಾಕಿಗಳು ಎಷ್ಟು ದಿನ ತಪ್ಪದೆ ಸಲ್ಲಬೇಕೆಂಬ ಲೆಕ್ಕದಲ್ಲಿ ಹಾಕಬೇಕು. ಮೂವತ್ತು ದಿನವೋ ಅರವತ್ತು ದಿನವೋ ಎಂಬುದು ಅಂಗಡಿಯ ಬಗೆಗೆ ಬಿಟ್ಟದ್ದು. ಹಾಗೆ ಹಾಕಿದ ಮಿತಿಯ ರೂಪಾಯಿ ಅಂಕಿ ವರ್ಷ ವರ್ಷ ಏರಿದರೂ ವ್ರತ ಮುರಿಯುವುದಿಲ್ಲ, ದಿನಗಳ ಸಂಖ್ಯೆ ಏರಿದರೆ ಮುರಿಯುತ್ತದೆ. ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕ ತೆರೆಯುವ ವ್ಯಾಪಾರಿಗಳು ಅದರ ಮೊದಲ ಪುಟದಲ್ಲಿ ಈ ದಿನಗಳ ಸಂಖ್ಯೆಯನ್ನು ಬರೆದಿಡಲಿ; ಅದನ್ನು ಮೀರಿ ಉಳಿದ ಹಣವನ್ನು ಹೆಚ್ಚುವರಿ ದಾಸ್ತಾನಿಗೆ ಹಾಕುವ ಮುನ್ನ, ಅವಧಿ ಮುಗಿಯುವವರೆಗೆ ಕಾಯದೆ, ಹಪ್ಪಳ ಉಪ್ಪಿನಕಾಯಿ ತಂದುಕೊಟ್ಟವರ ಬಾಕಿಯನ್ನು ತೀರಿಸಲಿ.